ಬಿಚ್ಚಿ ನೋಡಿದ ಮೇಲೆ

ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಮತ್ತೆ ಒಂದಾಗುವವರೆಗೆ ಬೇರೆ ಬೇರೆ ದಾರಿ ಹಿಡಿದು ಹರಿಯುವ ಮಲೆನಾಡಿನಲ್ಲಿ, ಆ ನದಿಗಳ ದಂಡೆಯಲ್ಲಿಯೂ ನಡುವಿನ ಗುಡ್ಡಗಳಲ್ಲಿಯೂ ಹರಡಿಕೊಂಡಿರುವ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳೆಂಬ ಮೂರು ತಾಲ್ಲೂಕುಗಳಿಗೆ ಇಂದಿಗೂ ರೈಲುಮಾರ್ಗವಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರುಹಳಿಯ ಪುಟ್ಟ ಗಾಡಿಯೊಂದು ಓಡುತ್ತಿದ್ದಿತು. ಅದು ನಿಂತು ತಲೆಮಾರುಗಳೇ ಕಳೆದುವು. ಬಸ್ಸಿನ ಕಾರ್ಮಿಕರು ತಾವೇ ಒಗ್ಗೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಾರಿಗೆ ಸಹಕಾರ ಸಂಘವು ಮೂರು ದಶಕಗಳ ಸಮೀಪದವರೆಗೆ ಒಳದಾರಿಗಳ ಹಳ್ಳಿಗಳಿಗೆ ಬಸ್ಸುಗಳನ್ನು ಕಳುಹಿಸಿ, 2020ರಲ್ಲಿ ತನ್ನ ಓಡಾಟವನ್ನು ನಿಲ್ಲಿಸಿತು. ಆದುದರಿಂದ ಅಡಿಕೆಯ ಚೀಲವಾಗಲಿ, ಪ್ರಸವವೇದನೆಯ ಹೆಣ್ಣುಮಗಳಾಗಲಿ, ಪರೀಕ್ಷೆಗೆ ಹೊರಟ ಹುಡುಗನಾಗಲಿ, ತೋಟದ ಮನೆಯಿಂದ ಪೇಟೆ ಸೇರಬೇಕಾದರೆ ಅಂಗಳದಲ್ಲಿ ನಿಂತ ಕಾರೋ ಜೀಪೋ ಗತಿ. ಅದರ ಎಂಜಿನ್ನು ಕೆಟ್ಟಿತೆಂದರೆ ಮನೆಯ ಕಾಲು ಮುರಿದಂತೆಯೇ ಸರಿ.

ಅಂಥ ಹೊತ್ತಿನಲ್ಲಿ ಪ್ರತಿಯೊಬ್ಬ ಗೃಹಸ್ಥನ ಮುಂದೆಯೂ ಎದ್ದು ನಿಲ್ಲುವ ಪ್ರಶ್ನೆಯೊಂದುಂಟು: ಇದ್ದ ಎಂಜಿನ್ನನ್ನೇ ರಿಪೇರಿ ಮಾಡಿಸುವುದೋ, ಅದನ್ನು ಇಳಿಸಿ ಬೇರೊಂದನ್ನು ಕೂರಿಸುವುದೋ? ಈ ಪ್ರಶ್ನೆಗೆ ಉತ್ತರ ಹೇಳಲು ನೆಂಟರು, ನೆರೆಯವರು, ಪೇಟೆಯ ಚಹದಂಗಡಿಯಲ್ಲಿ ಕುಳಿತವರು ಎಲ್ಲರೂ ಸಿದ್ಧರಾಗಿರುತ್ತಾರೆ. ಆದರೆ ಎಂಜಿನ್ನು ಏಕೆ ಕೆಟ್ಟಿತೆಂಬ ಮೊದಲನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆಯುರ್ವೇದದಲ್ಲಿ ಚಿಕಿತ್ಸೆಗಿಂತ ಮುಂಚೆ ನಿದಾನವೆಂಬುದೊಂದಿದೆ. ರೋಗದ ಮೂಲವನ್ನು ಅರಿಯದೆ ಕೊಟ್ಟ ಔಷಧವು ಫಲಿಸಿದರೂ ಅದು ಆಕಸ್ಮಿಕವೆಂದೇ ಎಣಿಸಬೇಕು. ಯಂತ್ರದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವೆಂಬುದನ್ನು ನಾನು ಸ್ವಂತ ನಷ್ಟದಿಂದಲೇ ಕಲಿತೆನಾದ್ದರಿಂದ ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಆಶ್ಲೇಷಾ ಮಳೆಯ ದಿನಗಳು. ಶೃಂಗೇರಿಯಲ್ಲಿ ತುಂಗೆ ಮೈದುಂಬಿ ಕಪ್ಪೆಶಂಕರನ ಗುಡಿಯನ್ನು ಮುಳುಗಿಸಿ ಗಾಂಧಿ ಮೈದಾನದ ಕಡೆಗೆ ಏರುತ್ತಿದ್ದುದನ್ನು ಕಂಡು, ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಆತುರದಿಂದ ಕೊಪ್ಪದ ಕಡೆಗೆ ಕಾರು ತಿರುಗಿಸಿದ್ದೆ. ಮುಖ್ಯರಸ್ತೆಯನ್ನು ಬಿಟ್ಟು ನಮ್ಮ ಊರಿನ ದಾರಿಗೆ ಇಳಿದ ಮೇಲೆ ಒಂದು ಮೋರಿಯುಂಟು. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಎಷ್ಟೋ ಮಳೆಗಾಲಗಳಲ್ಲಿ ದಾಟಿದ್ದೇನೆಂಬ ಭರವಸೆಯಿಂದ ಇಳಿಸಿದೆ. ನೀರು ಬಂಪರಿಗೆ ಬಡಿದು, ಅಲೆಯಾಗಿ ಎದ್ದು, ಬಾನೆಟ್ಟಿನ ಮೇಲಕ್ಕೆ ಬಂದ ಕ್ಷಣದಲ್ಲಿಯೇ ಎಂಜಿನ್ನು ಒಂದು ಕುಲುಕು ಕುಲುಕಿ ನಿಂತಿತು. ಗಾಬರಿಯಲ್ಲಿ ಕೀಲಿಯನ್ನು ಮೂರು ಸಲ ತಿರುಗಿಸಿದೆ. ಮೊದಲನೆಯ ಸಲ ‘ಟಕ್’ ಎಂಬ ಒಂದು ಶಬ್ದ ಬಂತು. ಆಮೇಲೆ ಅದೂ ಇಲ್ಲ. ಊರಿನ ಹುಡುಗರು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದು ದಡಕ್ಕೆ ತಂದರು.

ಆ ಹೊತ್ತು ಎಂಜಿನ್ನಿನೊಳಗೆ ಏನಾಯಿತೆಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರವೇನೂ ಬೇಕಿಲ್ಲ; ಸ್ವಲ್ಪ ಗಣಿತ ಸಾಕು. ನನ್ನ ಕಾರಿನಲ್ಲಿದ್ದುದು 1248 ಸಿಸಿಯ ಡೀಸೆಲ್ ಎಂಜಿನ್ನು. ಫಿಯೆಟ್ ಕಂಪೆನಿಯ ವಿನ್ಯಾಸವಾದ ಇದು ನಮ್ಮ ದೇಶದಲ್ಲಿ ಮಾರುತಿ, ಟಾಟಾ, ಫಿಯೆಟ್ ಎಂಬ ಬೇರೆ ಬೇರೆ ಹೆಸರಿನ ಕಾರುಗಳೊಳಗೆ ಕುಳಿತು ಲಕ್ಷಾಂತರ ಮನೆಗಳ ಅಂಗಳವನ್ನು ಸೇರಿತು. ನಾಲ್ಕು ಸಿಲಿಂಡರುಗಳಲ್ಲಿ ಒಂದೊಂದರ ಪಾಲಿಗೆ 312 ಸಿಸಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಾಗುವಷ್ಟು ಹಿಂಡುತ್ತದೆ, ಆ ಒತ್ತಡದ ಶಾಖಕ್ಕೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಪಿಸ್ಟನ್ನು ತುದಿಗೇರಿದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 19 ಮಿಲಿಲೀಟರು ಮಾತ್ರ: ನಾಲ್ಕು ಚಹದ ಚಮಚೆಗಳಷ್ಟು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಗಾಳಿ ಒಳಹೋಗುವ ಕೊಳವೆಯ ಬಾಯಿ ಇರುವುದು ಮುಂದಿನ ದೀಪಗಳ ಎತ್ತರದ ಆಸುಪಾಸಿನಲ್ಲಿ. ಅಲೆಯೊಂದು ಅದರೊಳಕ್ಕೆ ನುಗ್ಗಿ ಐದನೆಯ ಚಮಚೆಯಷ್ಟು ನೀರು ಒಂದು ಸಿಲಿಂಡರನ್ನು ಸೇರಿದರೆ ಸಾಕು, ಮೇಲೇರುತ್ತಿರುವ ಪಿಸ್ಟನ್ನು ನೀರಿನ ಗೋಡೆಗೆ ಹಾಯುತ್ತದೆ. ಕೆಳಗಿನಿಂದ ಕ್ರ್ಯಾಂಕು ನೂಕುತ್ತಲೇ ಇರುತ್ತದೆ, ಮೇಲಿನಿಂದ ನೀರು ಬಿಡುವುದಿಲ್ಲ. ಇವೆರಡರ ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡು ಬಾಗಲೇಬೇಕು. ಮೆಕ್ಯಾನಿಕರು ಇದನ್ನು ‘ಹೈಡ್ರೋಲಾಕ್’ ಎನ್ನುತ್ತಾರೆ.

ಕಾರನ್ನು ಮೊದಲು ಕೊಂಡುಹೋದುದು ದೂರದ ನಗರವೊಂದರ ದೊಡ್ಡ ವರ್ಕ್‌ಶಾಪಿಗೆ. ಅಲ್ಲಿ ಬಾನೆಟ್ ಎತ್ತಿದರು, ಆಯಿಲ್ ಕಡ್ಡಿಯನ್ನು ಎಳೆದು ನೋಡಿದರು, ಹಾಲು ಹೆಚ್ಚಾದ ಕಾಫಿಯ ಬಣ್ಣವನ್ನು ಕಂಡು ತಲೆಯಾಡಿಸಿದರು. ಅರ್ಧ ಗಂಟೆಯೊಳಗೆ ಹೊಸ ಎಂಜಿನ್ನಿನ ಅಂದಾಜು ಪಟ್ಟಿಯೊಂದನ್ನು ಅಚ್ಚುಮಾಡಿ ಕೈಗಿಟ್ಟರು. ಆ ಮೊತ್ತವು ಕಾರಿನ ಅಂದಿನ ಬೆಲೆಯ ಅರ್ಧವನ್ನು ಮೀರಿತ್ತು. ಒಂದು ಬೋಲ್ಟನ್ನೂ ಸಡಿಲಿಸದೆ ಈ ತೀರ್ಮಾನಕ್ಕೆ ಹೇಗೆ ಬಂದಿರೆಂದು ಕೇಳಿದುದಕ್ಕೆ, ನೀರು ಹೋದ ಎಂಜಿನ್ನನ್ನು ತಾವು ಬಿಚ್ಚುವುದಿಲ್ಲವೆಂಬ ಉತ್ತರ ಬಂತು. ನಾನು ಕಾರನ್ನು ಲಾರಿಯ ಮೇಲೇರಿಸಿ ಕೊಪ್ಪಕ್ಕೆ ತಂದೆ.

ಕೊಪ್ಪದ ಆ ಶೆಡ್ಡಿನ ಮೆಕ್ಯಾನಿಕರು ನಮ್ಮ ತಂದೆಯ ಕಾಲದ ಜೀಪಿನಿಂದಲೂ ಪರಿಚಿತರು. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆಯಾಗಿತ್ತು.

“ಭಟ್ರೇ, ನೀರಲ್ಲಿ ನಿಂತ ಮೇಲೆ ಕೀ ಎಷ್ಟು ಸಲ ತಿರುಗಿಸಿದ್ರಿ?”

“ಮೂರು ಸಲ.”

“ತಿರುಗಿಸಬಾರದಿತ್ತು. ಇರಲಿ, ಆಗಿದ್ದು ಆಯ್ತು. ಹೊಸ ಎಂಜಿನ್ ಬೇಕೋ ಬೇಡವೋ ಅಂತ ಈಗಲೇ ಹೇಳೋಕೆ ಆಗಲ್ಲ. ಮೊದಲು ಹೆಡ್ ಇಳಿಸೋಣ. ಬಿಚ್ಚಿದ ಕೂಲಿ ಬೇರೆ, ರಿಪೇರಿ ಕೂಲಿ ಬೇರೆ. ಬಿಚ್ಚಿ ನೋಡಿದ ಮೇಲೆ ಬೇಡ ಅನ್ನಿಸಿದ್ರೆ ಅಲ್ಲಿಗೇ ನಿಲ್ಲಿಸೋಣ.”

ಈ ಕೊನೆಯ ಎರಡು ಮಾತುಗಳನ್ನು ಓದುಗರು ಜ್ಞಾಪಕದಲ್ಲಿಡಬೇಕೆಂದು ನನ್ನ ಅಪೇಕ್ಷೆ. ಬಿಚ್ಚುವ ಕೂಲಿಯನ್ನು ಪ್ರತ್ಯೇಕವಾಗಿ ಗೊತ್ತುಮಾಡಿ, ಬಿಚ್ಚಿದ ತರುವಾಯ ಮುಂದುವರಿಯುವ ಅಥವಾ ನಿಲ್ಲಿಸುವ ಸ್ವಾತಂತ್ರ್ಯವನ್ನು ಯಜಮಾನನ ಕೈಯಲ್ಲಿಯೇ ಉಳಿಸುವ ಒಪ್ಪಂದಕ್ಕಿಂತ ನ್ಯಾಯವಾದದ್ದು ಈ ವ್ಯವಹಾರದಲ್ಲಿ ಬೇರೊಂದಿಲ್ಲ. ಬಿಚ್ಚುವುದಕ್ಕೆ ಮುಂಚೆ ಹೇಳಿದ ಯಾವ ಅಂದಾಜೂ, ಅದು ಅಗ್ಗದ್ದಾಗಲಿ ದುಬಾರಿಯದಾಗಲಿ, ಊಹೆಯೇ.

ಮರುದಿನ ಹೆಡ್ಡು ಇಳಿಯಿತು. ಗೋಣಿಚೀಲ ಹಾಸಿದ ಮರದ ಮೇಜಿನ ಮೇಲೆ ಅದು ಮಗುಚಿಕೊಂಡಿತ್ತು. ಹೊರಗೆ ತಗಡಿನ ಮೇಲೆ ಮಳೆ ಹುಯ್ಯುತ್ತಿದ್ದುದರಿಂದ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಅವರು ಕೈಯಿಂದ ಕ್ರ್ಯಾಂಕನ್ನು ತಿರುಗಿಸಿ ಒಂದೊಂದೇ ಪಿಸ್ಟನ್ನನ್ನು ತುದಿಗೆ ತಂದು, ಬ್ಲಾಕಿನ ಮಟ್ಟದಿಂದ ಅದು ಎಲ್ಲಿ ನಿಲ್ಲುವುದೆಂದು ಅಳೆದರು. ಮೂರು ಪಿಸ್ಟನ್ನುಗಳು ಒಂದೇ ಮಟ್ಟದಲ್ಲಿ ನಿಂತುವು. ಮೂರನೆಯ ಸಿಲಿಂಡರಿನದು ಮಾತ್ರ ಒಂದೂವರೆ ಮಿಲಿಮೀಟರಿನಷ್ಟು ತಗ್ಗಿನಲ್ಲಿತ್ತು. ರಾಡು ಬಾಗಿತೆಂದರೆ ಅದರ ಉದ್ದ ಕಡಿಮೆಯಾಗುತ್ತದೆ. ಉದ್ದ ಕಡಿಮೆಯಾದ ರಾಡಿನ ಪಿಸ್ಟನ್ನು ಮೊದಲಿನ ಎತ್ತರವನ್ನು ಮುಟ್ಟಲಾರದು. ಹಿಂದೆಂದೋ ಬಾಗಿದ ರಾಡಿನಿಂದಲೇ ಓಡುತ್ತಿದ್ದ ಗಾಡಿಯಾದರೆ ಸಿಲಿಂಡರಿನ ಬಾಯಿಯಲ್ಲಿ ಮಸಿಯ ಪಟ್ಟಿ ಉಳಿದವುಗಳಿಗಿಂತ ಅಗಲವಾಗಿರುತ್ತದೆಂದೂ, ಹಳೆಯ ಗಾಡಿ ಕೊಳ್ಳುವವರು ಹೆಡ್ಡು ಇಳಿಸಿದಾಗ ಆ ಪಟ್ಟಿಯನ್ನೇ ನೋಡಬೇಕೆಂದೂ ಅವರು ಹೇಳಿದರು. ಬಳಿಕ ಬಲಗೈ ತೋರುಬೆರಳಿನ ಉಗುರನ್ನು ಸಿಲಿಂಡರಿನ ಗೋಡೆಗೆ ಅಡ್ಡಲಾಗಿ ಒತ್ತಿ, ಕಣ್ಣು ಮುಚ್ಚಿ, ಸುತ್ತಲೂ ಎಳೆದರು. ಗೀರು ಕಣ್ಣಿಗೆ ಕಂಡರೂ ಉಗುರಿಗೆ ತಾಗದಿದ್ದರೆ ಅದು ಗೀರಲ್ಲ. ಉಗುರು ಎಡವಿತೆಂದರೆ ಬೋರ್ ಹೊಡೆಸಬೇಕು. ಉಗುರು ಎಲ್ಲಿಯೂ ಎಡವಲಿಲ್ಲ.

“ಒಂದೇ ರಾಡು ಭಟ್ರೇ. ಬ್ಲಾಕು, ಕ್ರ್ಯಾಂಕು ಎರಡೂ ಉಳಿದಿವೆ. ಗಾಡಿ ಮೆಲ್ಲಗೆ ಹೋಗ್ತಿತ್ತು ನೋಡಿ, ಹಾಗಾಗಿ ಬಚಾವ್.”

ಎಂಜಿನ್ನಿನ ಭವಿಷ್ಯವನ್ನು ನಿರ್ಣಯಿಸತಕ್ಕ ಭಾಗಗಳು ಈ ಎರಡೇ: ಬ್ಲಾಕು ಮತ್ತು ಕ್ರ್ಯಾಂಕು. ಉಳಿದೆಲ್ಲವೂ, ಹೆಡ್ಡು, ವಾಲ್ವು, ಪಿಸ್ಟನ್ನು, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು, ಬದಲಾಯಿಸಬಹುದಾದವು, ಅಥವಾ ಲೇತಿಗೆ ಕೊಟ್ಟು ಸರಿಪಡಿಸಬಹುದಾದವು. ಮನೆಯ ಹೆಂಚು, ಪಕಾಸಿ, ಬಾಗಿಲುಗಳನ್ನು ಬದಲಾಯಿಸಿದರೂ ಅದು ಅದೇ ಮನೆ. ಅಡಿಪಾಯ ಬಿರುಕುಬಿಟ್ಟರೆ ಮಾತು ಬೇರೆ. ರಾಡು ತುಂಡಾಗಿ ಬ್ಲಾಕಿನ ಪಕ್ಕೆಯನ್ನು ಒಡೆದು ಹೊರಬಂದ ಎಂಜಿನ್ನಿನ ಮುಂದೆ ನಿಂತು ರಿಪೇರಿಯ ಮಾತಾಡುವುದು ವ್ಯರ್ಥ. ಎರಕದ ಕಬ್ಬಿಣದ ಬ್ಲಾಕಿಗೆ ಬೆಸುಗೆ ಹಾಕುವವರು ಇದ್ದಾರಾದರೂ, ದಿನವೂ ಕಾದು ತಣಿಯುವ ಆ ಲೋಹದಲ್ಲಿ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಹುಟ್ಟುವುದೇ ಹೆಚ್ಚು.

ನಮ್ಮ ಕಡೆ ಎಂಜಿನ್ನುಗಳು ಕೆಡುವ ಬಗೆಗಳಲ್ಲಿ ನೀರಿನದು ಮಳೆಗಾಲದ ರೋಗವಾದರೆ, ಕಾವಿನದು ವರ್ಷಪೂರ್ತಿಯದು. ಸೋಮೇಶ್ವರದಿಂದ ಆಗುಂಬೆಗೆ ಏರುವ 14 ತಿರುವುಗಳಲ್ಲಿಯೋ, ಕಾರ್ಕಳದ ಕಡೆಯಿಂದ ಮಾಳ, ಕೆರೆಕಟ್ಟೆಯ ಮಾರ್ಗವಾಗಿ ಶೃಂಗೇರಿಗೆ ಬರುವ ಘಟ್ಟದಲ್ಲಿಯೋ, ತುಂಬಿದ ಕಾರನ್ನು ಎರಡನೆಯ ಗೇರಿನಲ್ಲಿ ಏರಿಸುತ್ತಿರುವಾಗ ಕಾವಿನ ಮುಳ್ಳು ಮೇಲಕ್ಕೆ ಹೋಗುವುದನ್ನು ಕಂಡವರು ಅನೇಕರು. ಕಂಡು ತಕ್ಷಣ ನಿಲ್ಲಿಸಿದವರು ಕೆಲವರು. ಕೊಪ್ಪದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು, ಕೂಲೆಂಟ್ ದ್ರವವೂ ಸೇರಿಕೊಂಡು, ಆ ಕುದಿಬಿಂದುವನ್ನು ಇಪ್ಪತ್ತು ಡಿಗ್ರಿಗೂ ಮಿಗಿಲಾಗಿ ಮೇಲೆತ್ತುತ್ತವೆ. ಮುಚ್ಚಳದ ರಬ್ಬರು ಸವೆದು, ಕೂಲೆಂಟಿನ ಬದಲು ದಾರಿಬದಿಯ ಹಳ್ಳದ ನೀರನ್ನೇ ವರ್ಷಗಟ್ಟಲೆ ತುಂಬಿಸಿಕೊಂಡ ಎಂಜಿನ್ನಿಗೆ ಈ ರಕ್ಷೆಯಿಲ್ಲ. ಒಳಗೆಲ್ಲ ತುಕ್ಕು ಕಟ್ಟಿ ನೀರಿನ ದಾರಿ ಸಣ್ಣದಾಗಿರುತ್ತದೆ. ಹೆಡ್ಡು ಅಲ್ಯೂಮಿನಿಯಮ್ಮಿನದು, ಬ್ಲಾಕು ಸಾಮಾನ್ಯವಾಗಿ ಕಬ್ಬಿಣದ್ದು; ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅತಿಯಾಗಿ ಕಾದಾಗ ಮೇಲಿನದು ಹಿಗ್ಗಲು ಬಯಸುತ್ತದೆ, ಕೆಳಗಿನದು ಬಿಡದು. ಹೆಡ್ಡು ಸೊಟ್ಟಗಾಗಿ ಎರಡರ ನಡುವಣ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಆಗ ಹೊಗೆಕೊಳವೆಯಿಂದ ಬಿಳಿಯ ಹಬೆ ಬರತೊಡಗುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ.

ಈ ರೋಗಕ್ಕೆ ಎಂಜಿನ್ನು ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ ಒಡನೆಯೇ ಒಪ್ಪಬಾರದು. ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟು, ಕಾಗದಕ್ಕಿಂತ ತೆಳುವಾದ ಫೀಲರ್ ಗೇಜಿನ ಎಲೆಗಳನ್ನು ಅದರಡಿ ತೂರಿಸಿ ನೋಡಿದರೆ ಸೊಟ್ಟು ಎಷ್ಟೆಂಬುದು ತಿಳಿಯುತ್ತದೆ. ಅನೇಕ ಎಂಜಿನ್ನುಗಳಲ್ಲಿ ತಯಾರಕರು ಸಹಿಸುವುದು 0.05 ಮಿಲಿಮೀಟರಿನ ಆಸುಪಾಸು. ಅದನ್ನು ಮೀರಿದರೆ ಶಿವಮೊಗ್ಗದಲ್ಲಿಯೋ ಮಂಗಳೂರಿನಲ್ಲಿಯೋ ಹೆಡ್ಡನ್ನು ಫೇಸಿಂಗ್ ಮಾಡಿಸಿ ಸಮತಟ್ಟುಗೊಳಿಸಬಹುದು. ತಯಾರಕರು ಫೇಸಿಂಗ್ ಮಾಡಕೂಡದೆಂದಿರುವ ಎಂಜಿನ್ನಾದರೆ ಹೆಡ್ಡನ್ನಷ್ಟೇ ಬದಲಾಯಿಸಿದರಾಯಿತು.

ಆದರೆ ಇಲ್ಲಿಯೂ ನಿದಾನದ ಮಾತು ಬಂದೇ ಬರುತ್ತದೆ. ನಮ್ಮ ನೆರೆಯ ತೋಟದ ಜೀಪಿನ ಹೆಡ್ ಗ್ಯಾಸ್ಕೆಟ್ಟು ಎರಡು ವರ್ಷಗಳಲ್ಲಿ ಮೂರು ಸಲ ಸುಟ್ಟಿತು. ಮೂರು ಸಲವೂ ಹೊಸ ಗ್ಯಾಸ್ಕೆಟ್ಟು ಹಾಕಿದರು, ಎರಡನೆಯ ಸಲ ಫೇಸಿಂಗನ್ನೂ ಮಾಡಿಸಿದರು. ನಾಲ್ಕನೆಯ ಸಲ ಮಾಲೀಕರು ಬೇಸತ್ತು ಗುಜರಿಯಿಂದ ಇನ್ನೊಂದು ಎಂಜಿನ್ನನ್ನು ತರಿಸಿ ಕೂರಿಸಿದರು. ಅದರ ಗ್ಯಾಸ್ಕೆಟ್ಟೂ ಎಂಟು ತಿಂಗಳಿಗೆ ಸುಟ್ಟಾಗ, ಯಾರೋ ರೇಡಿಯೇಟರನ್ನು ಬಿಚ್ಚಿ ನೋಡಿದರು: ಅದರ ಕೊಳವೆಗಳಲ್ಲಿ ಅರ್ಧದಷ್ಟು ತುಕ್ಕಿನ ಕೆಸರಿನಿಂದ ಮುಚ್ಚಿಹೋಗಿದ್ದುವು. ಮೂರು ರಿಪೇರಿಗಳ ಹಣ, ಒಂದು ಎಂಜಿನ್ನಿನ ಹಣ, ಎಲ್ಲವೂ ಒಂದು ರೇಡಿಯೇಟರಿಗೆ ಮಾಡಬೇಕಾಗಿದ್ದ ಖರ್ಚನ್ನು ತಪ್ಪಿಸಿಕೊಂಡ ದಂಡವಾಯಿತು. ಕಾವು ಹೆಚ್ಚುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೊಗೆಯುವ ಅಭ್ಯಾಸವೂ ನಮ್ಮಲ್ಲುಂಟು. ಅದು ಗಾಯಕ್ಕೆ ಬಟ್ಟೆ ಮುಚ್ಚಿದಂತೆ. ಎಂಜಿನ್ನು ಹದವಾದ ಕಾವಿಗೆ ಬರಲಾರದೆ ಇಂಧನವನ್ನು ಹೆಚ್ಚು ಕುಡಿಯುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ, ಕಾವಿನ ಮೂಲಕಾರಣವು ಹಾಗೆಯೇ ಉಳಿಯುತ್ತದೆ.

ಮೂರನೆಯದು ಎಣ್ಣೆಯಿಲ್ಲದೆ ಸಾಯುವ ಎಂಜಿನ್ನು. ತೋಟದ ದಾರಿಗಳ ನಡುವೆ ತಲೆಯೆತ್ತಿದ ಕಲ್ಲು ಕಾರಿನ ಹೊಟ್ಟೆಯಡಿಯ ಆಯಿಲ್ ಚೇಂಬರಿಗೆ ಬಡಿದು ಅದು ಸೀಳುತ್ತದೆ. ಎಣ್ಣೆ ದಾರಿಯುದ್ದಕ್ಕೂ ಸುರಿದುಹೋಗುತ್ತದೆ. ಕೆಂಪು ದೀಪ ಹೊತ್ತಿದುದನ್ನು ಕಂಡೂ ‘ಮನೆ ಇನ್ನೇನು ಬಂತು’ ಎಂದು ಒಂದು ಮೈಲಿ ಓಡಿಸುತ್ತಾರೆ. ಆ ಒಂದು ಮೈಲಿ ಸಾಕು. ಕ್ರ್ಯಾಂಕು ತಿರುಗುವುದು ಬೇರಿಂಗಿನ ಮೇಲಲ್ಲ, ಬೇರಿಂಗಿಗೂ ಅದಕ್ಕೂ ನಡುವಿನ ಎಣ್ಣೆಯ ಪೊರೆಯ ಮೇಲೆ. ಪೊರೆ ಹರಿದ ಮೇಲೆ ಲೋಹಕ್ಕೆ ಲೋಹ ತಿಕ್ಕಿ, ಕಾದು, ಅಂಟಿಕೊಂಡು ಎಂಜಿನ್ನು ಸೀಜ್ ಆಗುತ್ತದೆ. ಬಿಚ್ಚಿದಾಗ ಕ್ರ್ಯಾಂಕಿನ ಮೇಲೆ ಗೀರುಗಳಷ್ಟೇ ಇದ್ದರೆ 0.25 ಅಥವಾ 0.50 ಮಿಲಿಮೀಟರು ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ದಪ್ಪದ ಬೇರಿಂಗು ಹಾಕುವುದು ಹಳೆಯ ಕ್ರಮ. ಬೋರಿಗೂ ಇದೇ ಅಳತೆಯ ಓವರ್‌ಸೈಜ್ ಪಿಸ್ಟನ್ನುಗಳುಂಟು. ಆದರೆ ಇತ್ತೀಚಿನ ಕೆಲವು ಎಂಜಿನ್ನುಗಳ ಕ್ರ್ಯಾಂಕನ್ನು ಗ್ರೈಂಡ್ ಮಾಡಲು ತಯಾರಕರ ಅನುಮತಿಯಿಲ್ಲ, ಓವರ್‌ಸೈಜ್ ಪಿಸ್ಟನ್ನುಗಳೂ ಸಿಕ್ಕುವುದಿಲ್ಲ. ಆದ್ದರಿಂದ ನಿಮ್ಮ ಗಾಡಿಗೆ ಈ ಬಿಡಿಭಾಗಗಳು ದೊರೆಯುತ್ತವೆಯೇ ಎಂಬುದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಫೋನಾಯಿಸಿ ಕೇಳಿದ ಮೇಲೆ ನಿಶ್ಚಯಿಸುವುದು ಕ್ಷೇಮ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಾಗ ಹಲವು ಸಣ್ಣ ಡೀಸೆಲ್ ಎಂಜಿನ್ನುಗಳ ಉತ್ಪಾದನೆಯೇ ನಿಂತುಹೋಯಿತು. ಅಂಥವುಗಳ ಬಿಡಿಭಾಗಗಳು ಮುಂದೆಷ್ಟು ಕಾಲ ಸುಲಭವಾಗಿ ಸಿಕ್ಕುವುವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಯಸ್ಸಿನಿಂದ ಸವೆದು ನೀಲಿಹೊಗೆ ಕಾರುವ ಎಂಜಿನ್ನಿನ ವಿಚಾರದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಅದಕ್ಕೆ ಅವಸರವಿಲ್ಲ, ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಎಲ್ಲ ಸಿಲಿಂಡರುಗಳೂ ಸಮನಾಗಿ ಇಳಿದಿದ್ದರೆ ಎಣ್ಣೆ ಹಾಕುತ್ತ ಇನ್ನೊಂದಷ್ಟು ಕಾಲ ಓಡಿಸಬಹುದು.

ಬದಲಾಯಿಸುವುದೇ ಸರಿಯೆಂದು ಗೊತ್ತಾದರೆ ಅದರಲ್ಲಿಯೂ ಮೂರು ಮಾರ್ಗಗಳು. ಪೂರ್ತಿ ಹೊಸ ಎಂಜಿನ್ನು ದುಬಾರಿ. ಬ್ಲಾಕು, ಕ್ರ್ಯಾಂಕು, ಪಿಸ್ಟನ್ನುಗಳನ್ನು ಜೋಡಿಸಿಯೇ ಬರುವ ‘ಹಾಫ್ ಎಂಜಿನ್’ ತಂದು, ನಮ್ಮ ಹೆಡ್ಡು ಚೆನ್ನಾಗಿದ್ದರೆ ಅದನ್ನೇ ಮೇಲೆ ಕೂರಿಸುವುದು ಎಷ್ಟೋ ಸಲ ಯೋಗ್ಯವಾದ ಮಧ್ಯಮಮಾರ್ಗ. ಮೂರನೆಯದು ಅಪಘಾತದಲ್ಲಿ ನಜ್ಜುಗುಜ್ಜಾದ ಬೇರೆ ಕಾರಿನಿಂದ ಇಳಿಸಿದ ಎಂಜಿನ್ನು. ಮಲೆನಾಡಿಗೆ ಇದು ಹೊಸತಲ್ಲ. ಪೆಟ್ರೋಲು ಕುಡಿಯುತ್ತಿದ್ದ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ನು ಕೂರಿಸಿ ದಶಕಗಟ್ಟಲೆ ದುಡಿಸಿಕೊಂಡ ನಾಡಿದು. ಆದರೆ ಯಾವ ಗಾಡಿಯದು, ಎಷ್ಟು ಓಡಿದ್ದು, ಏಕೆ ಗುಜರಿಗೆ ಬಂತೆಂಬುದರ ಕಾಗದವಿಲ್ಲದ ಎಂಜಿನ್ನು ಎಷ್ಟು ಅಗ್ಗವಾಗಿದ್ದರೂ ಬೇಡ. ಕದ್ದ ಕಾರಿನದಾಗಿದ್ದರೆ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು. ಕೊಳ್ಳುವ ಮುನ್ನ ಅಲ್ಲಿಯೇ ಕಂಪ್ರೆಷನ್ ಅಳೆಯಿಸಿ, ಆಯಿಲ್ ಚೇಂಬರನ್ನು ಇಳಿಸಿ ನೋಡಲು ಒಪ್ಪದ ವ್ಯಾಪಾರಿಯಿಂದಲೂ ದೂರವಿರಬೇಕು. ಎಂಜಿನ್ ನಂಬರನ್ನು ಕೊರೆದಿರುವುದು ಬ್ಲಾಕಿನ ಮೇಲೆ. ಬ್ಲಾಕು ಬದಲಾದರೆ ನಂಬರೂ ಬದಲಾಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ ಇಂಥ ಬದಲಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸತಕ್ಕದ್ದು. ಮುಂಚಿತವಾಗಿ ಅನುಮತಿ ಪಡೆಯದೆ ಬದಲಾಯಿಸಿದ್ದರೆ 14 ದಿನಗಳೊಳಗೆ ವರದಿ ಮಾಡಬೇಕು. ಅದನ್ನು ಅಲಕ್ಷಿಸಿದವನಿಗೆ ಗಾಡಿಯನ್ನು ಮಾರುವ ದಿನ, ಅಥವಾ ವಿಮೆಯ ಹಣ ಕೇಳುವ ದಿನ ತೊಂದರೆ ತಪ್ಪದು.

ವಿಮೆಯ ಮಾತನ್ನು ಇಲ್ಲಿಯೇ ಹೇಳುವುದು ಉಚಿತ. ನೆರೆಯ ನೀರಿನಿಂದ ಗಾಡಿಗಾದ ಹಾನಿಗೆ ಸಮಗ್ರ ವಿಮೆಯಿಂದ ಹಣ ಬರುತ್ತದೆಂಬುದು ನಿಜ. ಆದರೆ ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಒಳಗೆ ಮುರಿದುದನ್ನು ‘ಆನುಷಂಗಿಕ ನಷ್ಟ’ವೆಂದು ಕಂಪೆನಿಗಳು ತಳ್ಳಿಹಾಕುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪ್ರತ್ಯೇಕ ಪ್ರೀಮಿಯಂ ಕೊಟ್ಟು ಕೊಂಡವರಿಗಷ್ಟೇ ಅದು ದೊರೆಯಬಹುದು. ಸಾಮಾನ್ಯ ವಿಮೆಯಲ್ಲಿ ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇಕಡಾ 40, ರಬ್ಬರು ಪ್ಲಾಸ್ಟಿಕ್ಕುಗಳಿಗೆ ಶೇಕಡಾ 50ರಷ್ಟು ಸವಕಳಿಯನ್ನು ಕಳೆಯುತ್ತಾರೆ. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ಬರೆದ ಗಾಡಿಯ ಮೌಲ್ಯದ, ಅಂದರೆ ಐಡಿವಿಯ, ಶೇಕಡಾ 75ನ್ನು ಮೀರಿದರೆ ಅದನ್ನು ಪೂರ್ಣನಷ್ಟವೆಂದು ಎಣಿಸುತ್ತಾರೆ. ಆಗ ಎಂಜಿನ್ನಿನ ಪ್ರಶ್ನೆಯೇ ಏಳುವುದಿಲ್ಲ. ಸರ್ವೇಯರು ಬಂದು ನೋಡುವುದಕ್ಕೆ ಮುಂಚೆ ಬಿಚ್ಚಿಸಬೇಡಿ. ನಾನು ಮೂರು ಸಲ ಕೀಲಿ ತಿರುಗಿಸಿದ್ದೆ, ಹೆಚ್ಚುವರಿ ಕವಚವನ್ನೂ ಕೊಂಡಿರಲಿಲ್ಲ. ಆದುದರಿಂದ ಖರ್ಚೆಲ್ಲ ನನ್ನದೇ.

ಇನ್ನು ಹಣದ ಲೆಕ್ಕ. ಇಲ್ಲಿ ಹೆಚ್ಚಿನವರು ಎಡವುವುದು ರಿಪೇರಿಯ ಖರ್ಚನ್ನು ಗಾಡಿಯ ಬೆಲೆಯೊಡನೆ ಹೋಲಿಸುವುದರಲ್ಲಿ. ಹೋಲಿಸಬೇಕಾದ್ದು ಬೇರೆ. ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನಿಟ್ಟುಕೊಳ್ಳೋಣ: ಓಡುವ ಸ್ಥಿತಿಯಲ್ಲಿ ನಿಮ್ಮ ಕಾರಿಗೆ 2 ಲಕ್ಷ ರೂಪಾಯಿ ಬರುತ್ತದೆ, ಎಂಜಿನ್ ಕೆಟ್ಟ ಸ್ಥಿತಿಯಲ್ಲಿ 70 ಸಾವಿರ. ಎಂಜಿನ್ನು ಸರಿಯಾದರೆ ನಿಮಗೆ ಮರಳಿ ಸಿಕ್ಕುವ ಮೌಲ್ಯ 1 ಲಕ್ಷ 30 ಸಾವಿರ. ರಿಪೇರಿಗೆ 60 ಸಾವಿರವಾದರೆ ಸಂದೇಹವೇ ಇಲ್ಲ; ಹೊಸ ಎಂಜಿನ್ನಿಗೆ ಒಂದೂವರೆ ಲಕ್ಷವಾದರೆ, ಮಾರುವ ದೃಷ್ಟಿಯಿಂದ ಅದು ನಷ್ಟ. ಆದರೆ ನೀವು ಮಾರುವವರಲ್ಲ, ಇನ್ನು ಆರು ವರ್ಷ ಓಡಿಸುವವರಾದರೆ, ಮತ್ತು ಬಾಡಿ, ಗೇರ್‌ಬಾಕ್ಸು, ಸಸ್ಪೆನ್ಷನ್ನು ಗಟ್ಟಿಯಾಗಿದ್ದರೆ, ಆ ಒಂದೂವರೆ ಲಕ್ಷವನ್ನು ಆರರಿಂದ ಭಾಗಿಸಿ ನೋಡಬೇಕು. ಇನ್ನೊಬ್ಬರು ಮಾರಿದ ಹಳೆಯ ಕಾರನ್ನು ಕೊಂಡರೆ ಅದರ ದೋಷಗಳು ನಿಮಗೆ ಗೊತ್ತಿಲ್ಲ; ನಿಮ್ಮ ಕಾರಿನವು ಗೊತ್ತಿವೆ. ಬಾಡಿಯ ತಳ ತುಕ್ಕು ಹಿಡಿದು ಬೆರಳಿಗೆ ಒಳಗಾಗುವಂತಿದ್ದರೆ, ಹದಿನೈದು ವರ್ಷದ ನೋಂದಣಿಯ ಅವಧಿ ಮುಗಿಯುತ್ತ ಬಂದಿದ್ದರೆ, ಎಷ್ಟು ಒಳ್ಳೆಯ ಎಂಜಿನ್ನೂ ಆ ಗಾಡಿಯಲ್ಲಿ ವ್ಯರ್ಥ. ಕಳೆದ ವರ್ಷ ಹೊಸ ಟೈರು ಹಾಕಿಸಿದೆ, ಕ್ಲಚ್ಚು ಮಾಡಿಸಿದೆ, ಆದ್ದರಿಂದ ಬಿಡಲಾರೆ ಎಂಬ ವಾದಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಆ ಹಣ ಆಗಲೇ ಹೋಯಿತು.

ದೂರದ ಬೆಲೆಯನ್ನೂ ಮರೆಯಬಾರದು. ನರಸಿಂಹರಾಜಪುರದ ಹಿನ್ನೀರಿನ ಅಂಚಿನಲ್ಲಿಯೋ, ಬಾಳೆಹೊನ್ನೂರಿನ ಒಳಗಣ ಎಸ್ಟೇಟಿನಲ್ಲಿಯೋ ಇರುವವರಿಗೆ ಗಾಡಿ ನಡುದಾರಿಯಲ್ಲಿ ನಿಂತರೆ ಎಳೆದು ತರುವ ಖರ್ಚು, ಕೆಲಸ ಕೆಟ್ಟ ದಿನಗಳು, ಮನೆಯಲ್ಲಿ ಕಾಯಿಲೆಯವರಿದ್ದರೆ ಆಗುವ ಆತಂಕ, ಇವೆಲ್ಲವೂ ಸೇರುತ್ತವೆ. ಬೆಂಗಳೂರಿನಲ್ಲಿ ಸಂದೇಹಾಸ್ಪದವಾದ ಅಗ್ಗದ ಎಂಜಿನ್ನಿನಿಂದ ಕಾಲ ತಳ್ಳಬಹುದು. ಇಲ್ಲಿ ನಂಬಿಕೆಗೆ ಅರ್ಹವಾದುದೇ ಅಗ್ಗದ್ದು.

ನನ್ನ ಕಾರಿನ ಕಥೆಗೆ ಮರಳುತ್ತೇನೆ. ಹೊಸ ರಾಡು, ನಾಲ್ಕು ಪಿಸ್ಟನ್ನುಗಳಿಗೂ ಹೊಸ ರಿಂಗು, ಹೊಸ ಬೇರಿಂಗು, ಹೊಸ ಹೆಡ್ ಬೋಲ್ಟುಗಳು, ಗ್ಯಾಸ್ಕೆಟ್ಟು. ಹಳೆಯ ಬೋಲ್ಟುಗಳು ಒಮ್ಮೆ ಬಿಗಿದ ಮೇಲೆ ಹಿಗ್ಗಿರುತ್ತವಾದ್ದರಿಂದ ಅವನ್ನು ಮತ್ತೆ ಬಳಸಲು ಮೆಕ್ಯಾನಿಕರು ಒಪ್ಪಲೇ ಇಲ್ಲ. ಹೊಸ ರಾಡನ್ನು ಹಾಕುವ ಮುನ್ನ ಉಳಿದ ಮೂರರ ಪಕ್ಕದಲ್ಲಿ ತಕ್ಕಡಿಯಲ್ಲಿಟ್ಟು ತೂಗಿದರು. ಎಣ್ಣೆಯ ದಾರಿಗಳನ್ನೆಲ್ಲ ತೊಳೆದು ಗಾಳಿ ಹೊಡೆದರು. ಒಟ್ಟು ಖರ್ಚು ಆ ಅಚ್ಚಾದ ಪಟ್ಟಿಯ ಕಾಲುಭಾಗಕ್ಕೂ ಕಡಿಮೆಯಾಯಿತು. ಒಳಗಿನದು ಹಾಗಿಲ್ಲದೆ ಬ್ಲಾಕು ಒಡೆದಿದ್ದರೆ ಪಟ್ಟಿಯೇ ಸರಿಯಾಗುತ್ತಿತ್ತೆಂಬುದನ್ನೂ ನಾನು ಒಪ್ಪಬೇಕು. ನನ್ನ ಆಕ್ಷೇಪವಿರುವುದು ಮೊತ್ತದ ಮೇಲಲ್ಲ, ನೋಡದೆ ಹೇಳಿದುದರ ಮೇಲೆ.

ಸಾವಿರ ಕಿಲೋಮೀಟರು ಮೆಲ್ಲಗೆ ಓಡಿಸಿ ತರಲು ಹೇಳಿದ್ದರು. ತಂದೆ. ಕಾದ ಎಣ್ಣೆಯನ್ನು ತಗಡಿನ ತಟ್ಟೆಗೆ ಇಳಿಸಿ, ಅದರಲ್ಲಿ ಅಯಸ್ಕಾಂತದ ತುಂಡೊಂದನ್ನು ಅದ್ದಿ ಎತ್ತಿ, ಬೆಳಕಿಗೆ ಹಿಡಿದರು. ಹೊಸ ರಿಂಗುಗಳು ಗೋಡೆಗೆ ಒಗ್ಗಿಕೊಳ್ಳುವಾಗ ಉದುರುವ ಬೂದಿಯಂಥ ನಯವಾದ ಪುಡಿ ಮಾತ್ರ ಅಂಟಿತ್ತು, ಚೂರುಗಳಿರಲಿಲ್ಲ. ಹೊಸ ಎಣ್ಣೆ ಹಾಕಿಸಿಕೊಂಡು ಹೊರಟೆ. ಮಳೆ ಮತ್ತೆ ಹಿಡಿದಿತ್ತು. ಊರಿನ ದಾರಿಗೆ ಇಳಿದಾಗ ಮೋರಿಯ ಮೇಲೆ ಅದೇ ಕೆಂಪು ನೀರು, ಬದಿಯ ಕಲ್ಲುಕಂಬದ ಅರ್ಧಕ್ಕೆ. ಕಾರನ್ನು ದಡದಲ್ಲಿಯೇ ನಿಲ್ಲಿಸಿ, ಎಂಜಿನ್ ಆರಿಸಿ, ಮನೆಗೆ ತಡವಾಗುತ್ತದೆಂದು ಫೋನು ಮಾಡಿ, ಕಂಬದ ಬುಡ ಕಾಣಿಸುವವರೆಗೆ ಕಾದೆ.